ಉದ್ಯೋಗ: ಏನೂ ಇಲ್ಲ

ಕಳೆದ ವಾರ ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಹಿಂಜುವ ಅಂಗಡಿಯೊಂದರ ಮುಂದೆ ಹಾದು ಬರುತ್ತಿದ್ದೆ. ಒಳಗೆ ಯಾರದೋ ಮನೆಯ ಹಳೆಯ ಗಾದಿ ಬಿಚ್ಚಿ ಅದರ ಹತ್ತಿಯನ್ನು ಯಂತ್ರಕ್ಕೆ ಹಾಕಿದ್ದರು. ಆ ವಾಸನೆ ನಿಮಗೂ ಗೊತ್ತಿರಬೇಕು: ಬಿಸಿಲಿಗೆ ಕಾದ ಹತ್ತಿ, ಧೂಳು, ಒಂದಿಷ್ಟು ತಲೆಗೆ ಹಚ್ಚಿದ ಎಣ್ಣೆ. ನನ್ನ ಕರಿ ಕೋಟಿನ ತುಂಬ ಬಿಳಿ ಎಳೆಗಳು ಬಂದು ಕೂತವು. ಅಂಗಡಿಯವನು ಸರಿದು ನಿಲ್ಲಲು ಹೇಳಿದ. ನಾನು ಸರಿಯಲಿಲ್ಲ. ಮನೋಳಿಯ ದಸ್ತಗೀರಸಾಬರು ನೆನಪಾಗಿದ್ದರು.

ಅದು ತೊಂಬತ್ತರ ದಶಕದ ಕೊನೆ. ನಾನು ಹೊಸ ವಕೀಲೆ. ದಿನಾಲೂ ಕಿತ್ತೂರಿನಿಂದ ಬಸ್ಸಿನಲ್ಲಿ ಬೈಲಹೊಂಗಲದ ಕೋರ್ಟಿಗೆ ಬರುತ್ತಿದ್ದೆ. ಹೆಗಲಿಗೆ ದೊಡ್ಡ ಚೀಲ. ನೋಡಿದವರು ಒಳಗೆ ನೂರು ಕೇಸು ಇವೆ ಎಂದುಕೊಳ್ಳಬೇಕು, ಇರುತ್ತಿದ್ದುದು ಊಟದ ಡಬ್ಬಿ. ನನ್ನ ಹಿರಿಯ ವಕೀಲರು ಮೋಟಾರ್‌ಸೈಕಲ್ ಅಪಘಾತದ ಪರಿಹಾರದ ಅರ್ಜಿಗಳನ್ನೆಲ್ಲ ನನ್ನ ಕಡೆ ದೂಡುತ್ತಿದ್ದರು. ನಮ್ಮ ಕಡೆಯ ಹಳ್ಳಿಗಳಿಗೆ ಮೋಟಾರ್‌ಸೈಕಲ್ಲು ಮೊದಲು ಬಂತು, ನೆಟ್ಟಗಿನ ರಸ್ತೆ ಆಮೇಲೆ ಬಂತು. ನಡುವಿನ ವರ್ಷಗಳಲ್ಲಿ ಎಷ್ಟೋ ಜನ ಹೋದರು. ಅರ್ಜಿಯಲ್ಲಿ ಸತ್ತವರ ಹೆಸರು, ವಯಸ್ಸು, ಉದ್ಯೋಗ, ಗಳಿಕೆ ತುಂಬುವುದು ನನ್ನ ಕೆಲಸ. ಒಂದು ಅರ್ಜಿಗೆ ಕಾಲು ತಾಸು. ಆ ವೇಗದ ಬಗ್ಗೆ ನನಗೆ ಜಂಬವೂ ಇತ್ತು.

ದಸ್ತಗೀರಸಾಬರು ಒಬ್ಬರೇ ಬಂದಿದ್ದರು. ನಲವತ್ತರ ಆಸುಪಾಸು, ಗಾದಿ ಮಾಡುವ ಮನೆತನ, ಹುಬ್ಬಿನಲ್ಲೂ ಹತ್ತಿಯ ಎಳೆ. ಹೆಂಡತಿ ಮೆಹಬೂಬಿಯನ್ನು ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಬೈಲಹೊಂಗಲದಲ್ಲಿದ್ದ ಆಕೆಯ ತಂಗಿಯ ಮನೆಯಿಂದ ಊರಿಗೆ ಹೊರಟಿದ್ದರಂತೆ. ಮಧ್ಯಾಹ್ನದ ಹೊತ್ತು. ತಿರುವಿನಲ್ಲಿ ಮುಂದೆ ಹೋಗಲು ನುಗ್ಗಿದ ಸಾಮಾನಿನ ಟೆಂಪೋ ಹ್ಯಾಂಡಲಿಗೆ ಬಡಿಯಿತು. ಇಬ್ಬರೂ ಬಿದ್ದರು. ಇವರಿಗೆ ಮೊಣಕಾಲು ತರಚಿತ್ತು. ಆಕೆ ಬಿದ್ದಲ್ಲಿಂದಲೇ ಕತ್ತೆತ್ತಿ, "ನಿಮಗೇನಾತ್ರಿ?" ಎಂದು ಕೇಳಿದಳಂತೆ. ದವಾಖಾನೆ ಮುಟ್ಟುವುದರೊಳಗೆ ಹೋಗಿಬಿಟ್ಟಳು. ಇದನ್ನು ಹೇಳುವಾಗ ಅವರು ತಮ್ಮ ಮೊಣಕಾಲನ್ನೇ ನೋಡುತ್ತಿದ್ದರು, ಅದು ಮಾಯ್ದದ್ದೇ ತಪ್ಪು ಎನ್ನುವಂತೆ.

ನಾನು ಪೆನ್ನು ಹಿಡಿದು, ಆಕೆ ಏನು ಮಾಡುತ್ತಿದ್ದಳು ಎಂದು ಕೇಳಿದೆ.

"ಏನೂ ಇಲ್ರಿ ಅಕ್ಕಾರ. ಮನ್ಯಾಗ ಇರತಿದ್ಲು."

"ಉದ್ಯೋಗ: ಏನೂ ಇಲ್ಲ" ಎಂದು ಬರೆದೆ. ಅವರು ಸಹಿ ಮಾಡಿದರು. ಕಾಲು ತಾಸೂ ಹಿಡಿಯಲಿಲ್ಲ. ಪರಿಹಾರದ ಲೆಕ್ಕದಲ್ಲಿ ದುಡಿಯದ ಹೆಂಡತಿಯ ಬೆಲೆ ಗಂಡನ ಗಳಿಕೆಯ ಮೂರನೆಯ ಒಂದು ಪಾಲು ಎಂದು ಆಗಿನ ಕಾನೂನಿನ ಪಟ್ಟಿಯಲ್ಲಿತ್ತು. ನನಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಮುಂದೆ ಎರಡು ತಿಂಗಳು ಅವರು ಕೋರ್ಟಿನತ್ತ ಸುಳಿಯಲಿಲ್ಲ. ರೇಷನ್ ಕಾರ್ಡಿನ ಪ್ರತಿ ಬೇಕಾಗಿತ್ತು. ಸವದತ್ತಿಗೆ ಬೇರೊಂದು ಕೆಲಸಕ್ಕೆ ಹೋದವಳು ಮನೋಳಿಗೂ ಹೋಗಿ ಅವರ ಮನೆ ಹುಡುಕಿದೆ.

ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತಿ ತುಂಬಿ ಬಾಯಿ ತೆರೆದೇ ಬಿಟ್ಟ ಗಾದಿಗಳು ಒಂದರ ಮೇಲೊಂದು ಬಿದ್ದಿದ್ದವು. ಮೂಲೆಯಲ್ಲಿ ದಸ್ತಗೀರಸಾಬರ ತಾಯಿ ಕುಳಿತಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಇಷ್ಟೊಂದು ಗಾದಿ ಯಾಕೆ ಹೀಗೆ ಬಿದ್ದಿವೆ ಎಂದು ಕೇಳಿದೆ. ಹಿಂಜುವುದಷ್ಟೇ ತನಗೆ ಬರುತ್ತದೆ, ಹೊಲಿಯುವವಳು ಅವಳು ಎಂದರು ಸಾಬರು, ಸಹಜವಾಗಿ. ತಾನು ಹೊಲಿದ ಎರಡು ಗಾದಿಗಳನ್ನು ಜನ ತಿರುಗಿ ತಂದು ಹಾಕಿದ್ದರಂತೆ. ಹತ್ತಿಯೆಲ್ಲ ಒಂದು ಮಗ್ಗುಲಿಗೆ ಜಾರಿತ್ತು.

ನಾನು ಅವರ ಮುಖ ನೋಡಿದೆ. ಅವರಿಗೆ ತಾವೇನು ಹೇಳಿದೆವೆಂಬುದು ಇನ್ನೂ ಹೊಳೆದಿರಲಿಲ್ಲ. ಹೊಳೆದದ್ದು ಮುದುಕಿಗೆ.

"ಅಕಿ ಏನೇನ್ ಮಾಡತಿದ್ಲು ಅನ್ನೂದು ಇವಗ ಗೊತ್ತಿಲ್ಲ ತಂಗಿ," ಎಂದರು. "ನನಗ ಗೊತ್ತೈತಿ. ನಾ ಕಿವಿಲೆ ಕೇಳತಿದ್ದೆ."

ಹೊಸ್ತಿಲ ಮೇಲೆ ಕುಳಿತು, ಬೆಳಗಿನಿಂದ ಹೇಳಿರಿ ಎಂದೆ. ಮುದುಕಿ ಹೇಳುತ್ತ ಹೋದರು. ಕೋಳಿ ಕೂಗುವ ಮೊದಲು ನೀರಿನ ಕೊಡದ ಸದ್ದು. ಆಮೇಲೆ ರೊಟ್ಟಿ ಬಡಿಯುವುದು. ಆಮೇಲೆ ಹಳೆಯ ಹತ್ತಿಯೊಳಗಿನ ಕಸ ಆರಿಸುತ್ತ ಅತ್ತೆಯೊಡನೆ ಮಾತು. ಮಧ್ಯಾಹ್ನದ ತುಂಬ ದಪ್ಪ ಬಟ್ಟೆಯಲ್ಲಿ ದಬ್ಬಣ ತೂರಿ ದಾರ ಎಳೆಯುವ ಸಪ್ಪಳ. ಯಾವ ಮನೆಯ ಮಂಚ ಎಷ್ಟು ಉದ್ದ ಎಂಬುದು ಆಕೆಗೆ ಬಾಯಿಪಾಠವಂತೆ. ಸಾಬರು ಗೋಡೆಗೆ ಒರಗಿ ನಿಂತು, ಬೇರೆ ಯಾರದೋ ಮನೆಯ ಕಥೆಯನ್ನು ಕೇಳುವಂತೆ ಕೇಳುತ್ತಿದ್ದರು. ನಡುನಡುವೆ "ಹೌದ್ರಿ" ಎನ್ನುತ್ತಿದ್ದರು. ಆಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಅರ್ಜಿ ತಿದ್ದಲು ಕೋರ್ಟಿನ ಅನುಮತಿ ಕೇಳಿದೆವು. ಸಿಕ್ಕಿತು. ಆದರೆ ನನ್ನ ಕೈಯಾರೆ ಬರೆದ ಆ ಎರಡು ಶಬ್ದ ಕಡತದಲ್ಲೇ ಉಳಿದಿದ್ದವು. ಟೆಂಪೋದ ವಿಮೆಯವರ ಪರ ವಕೀಲರು ಅನುಭವಸ್ಥರು. ಪಾಟೀಸವಾಲಿನಲ್ಲಿ ಮೊದಲು ಅದನ್ನೇ ಹಿಡಿದರು. ಹೆಂಡತಿಗೆ ಉದ್ಯೋಗವಿರಲಿಲ್ಲ ಎಂದು ಮೊದಲ ಅರ್ಜಿಗೆ ಸಹಿ ಮಾಡಿದವರು ನೀವೇ, ಈಗ ಗಾದಿ ಹೊಲಿಯುತ್ತಿದ್ದಳು ಎನ್ನುವವರೂ ನೀವೇ, ಇವೆರಡರಲ್ಲಿ ಸುಳ್ಳು ಯಾವುದು ಎಂದು ಕೇಳಿದರು. ತಪ್ಪು ಬರೆದವಳು ನಾನು, ಕಟಕಟೆಯಲ್ಲಿ ನಿಂತವರು ಅವರು.

ದಸ್ತಗೀರಸಾಬರು ತಡೆದು ತಡೆದು ಹೇಳಿದರು. "ಸುಳ್ಳ ಯಾವುದೂ ಅಲ್ರಿ. ಮೊದಲ ಹೇಳಿದಾಗ ನನಗ ಗೊತ್ತಿರಲಿಲ್ಲ. ಈಗ ಗೊತ್ತಾಗೇತ್ರಿ."

ಆಕೆಗೆ ಕೂಲಿ ಏನಾದರೂ ಕೊಡುತ್ತಿದ್ದಿರಾ ಎಂದು ನ್ಯಾಯಾಧೀಶರೇ ಕೇಳಿದರು.

"ಇಲ್ರಿ ಸಾಹೇಬ್ರ. ಕೊಟ್ಟಿದ್ರ ಅಕಿ ದುಡೀತಾಳ ಅಂತ ನನಗೂ ತಿಳೀತಿತ್ತು."

ನ್ಯಾಯಾಧೀಶರು ಅದನ್ನು ಸಾಬರದೇ ಮಾತಿನಲ್ಲಿ ಬರೆಸಿಕೊಂಡರು.

ತೀರ್ಪು ಬರಲು ಮುಂದೆ ಒಂದು ವರ್ಷ ಹಿಡಿಯಿತು. ಆ ಮನೆಯ ದುಡಿಮೆಯಲ್ಲಿ ಮೆಹಬೂಬಿಯ ಪಾಲು ಗಂಡನ ಪಾಲಿಗೆ ಸಮ ಎಂದು ನ್ಯಾಯಾಧೀಶರು ಬರೆದಿದ್ದರು. ಮೂರನೆಯ ಒಂದು ಪಾಲಲ್ಲ, ಸಮ. ಸಾಬರು ಎಷ್ಟು ಹಣ ಬಂತೆಂದು ಕೇಳುವ ಮೊದಲು ಆ ಸಾಲನ್ನು ಇನ್ನೊಮ್ಮೆ ಓದಿರಿ ಎಂದರು. ಓದಿದೆ. ತಾಯಿಗೆ ಓದಿ ಹೇಳಿಸಬೇಕು ಎಂದು ಆ ಹಾಳೆಯ ಪ್ರತಿಯನ್ನು ಮಡಚಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಅವರು ಹೊಲಿಗೆಯನ್ನೂ ಕಲಿತಿದ್ದರು. ಕಲಿಸಿದವರು ಕಣ್ಣಿಲ್ಲದ ಮುದುಕಿಯೇ. ಮಗ ಹೊಲಿದ ಸಾಲಿನ ಮೇಲೆ ಬೆರಳಾಡಿಸಿ, ಮೆಹಬೂಬಿಯ ಹೊಲಿಗೆಯಂತಿಲ್ಲದಿದ್ದರೆ ಬಿಚ್ಚು ಎನ್ನುತ್ತಿದ್ದರಂತೆ. ಒಂದು ಗಾದಿಯನ್ನು ಏಳು ಸಲ ಬಿಚ್ಚಿದೆ ಎಂದು ಸಾಬರು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಮೇಲೆ ನನಗೆ ಒಂದು ಹೆಸರೇ ಬಂತು. ಮನೆಯಲ್ಲಿದ್ದ ಹೆಣ್ಣುಮಗಳು ರಸ್ತೆಯಲ್ಲಿ ತೀರಿಕೊಂಡರೆ ರಾಮದುರ್ಗದಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಎಷ್ಟೋ ಗಂಡಂದಿರನ್ನು, ಅತ್ತೆಯಂದಿರನ್ನು ಕೂರಿಸಿಕೊಂಡು ತಾಸುಗಟ್ಟಲೆ ಕೇಳಿ ಬರೆದುಕೊಂಡಿದ್ದೇನೆ. ಈ ಕೆಲಸದಲ್ಲಿ ನನ್ನಷ್ಟು ಜಾಣೆ ಇನ್ನೊಬ್ಬಳಿಲ್ಲ ಎಂದೇ ತಿಳಿದಿದ್ದೆ.

ಕಳೆದ ವಾರ ಆ ಹತ್ತಿಯ ಅಂಗಡಿಯಿಂದ ಮನೆಗೆ ಬಂದಾಗ ಅವ್ವ ಬಾಗಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಎಂಬತ್ತು ದಾಟಿದ್ದಾಳೆ, ನನ್ನ ಜೊತೆಗೇ ಇದ್ದಾಳೆ. ಸತ್ತವರ ದಿನಚರಿಯನ್ನೆಲ್ಲ ಕೇಳುತ್ತ ಬಂದ ನಾನು ಇವಳನ್ನು ಒಮ್ಮೆಯೂ ಕೇಳಿರಲಿಲ್ಲ. ಪಕ್ಕದಲ್ಲಿ ಕುಳಿತು, ನಾನು ಮೊದಲ ಬಸ್ಸಿಗೆ ಕಾಲೇಜಿಗೆ ಹೋಗುತ್ತಿದ್ದಾಗ ನೀನು ಎಷ್ಟು ಗಂಟೆಗೆ ಏಳುತ್ತಿದ್ದೆ ಎಂದು ಕೇಳಿದೆ.

"ಯಾಕ, ಯಾರ ಕೇಸ್ ಐತಿ?" ಎಂದಳು ಅವ್ವ.

"ಯಾರದೂ ಇಲ್ಲ. ನೀ ಹೇಳು."

ಅವಳು ಸೊಪ್ಪಿನ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿ, "ಸೋಸಕೋತ ಕೇಳು," ಎಂದು ಶುರು ಮಾಡಿದಳು.