ಊಟಿಯ ಬುಟ್ಟಿ ಬಾರದ ಡಿಸೆಂಬರ್

ಮೊನ್ನೆ ದೇರೆಬೈಲಿನಲ್ಲಿ ನಮ್ಮ ಮನೆಯ ಹತ್ತಿರದ ದೊಡ್ಡ ಅಂಗಡಿಗೆ ಹೋಗಿದ್ದೆ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ತರಕಾರಿಗೂ ಪ್ಲಾಸ್ಟಿಕ್ ಅಂಗಿ. ನನ್ನ ಮುಂದೆ ನಿಂತಿದ್ದ ಹೆಂಗಸೊಬ್ಬಳು ಕೌಂಟರಿನವನ ಮೇಲೆ ಏರಿ ಹೋಗುತ್ತಿದ್ದಳು. "ಎರಡು ದಿನದಿಂದ ಲೆಟ್ಯೂಸ್ ಇಲ್ಲ, ಕ್ಯಾರೆಟ್ ಬಾಡಿದ್ದು. ನಾಳೆ ನಮ್ಮಲ್ಲಿ ಪಾರ್ಟಿ ಉಂಟು. ಎಂತ ಮಾರಾಯ್ರೇ, ಮತ್ತೆ ಅಂಗಡಿ ಯಾಕೆ ತೆರೆದಿಟ್ಟದ್ದು?"

"ಮೇಲಿಂದ ಲೋಡ್ ಬರ್ಲಿಲ್ಲ ಮೇಡಂ. ಊಟಿಯಲ್ಲಿ ಹಿಮ ಬಿದ್ದಿದೆಯಂತೆ" ಎಂದ ಅವನು.

ನಾನು ಸಕ್ಕರೆ ಕೊಳ್ಳಲು ಹೋದವಳು. ಕೊಳ್ಳದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ವಯಸ್ಸಾದವಳು, ತಲೆ ತಿರುಗಿರಬೇಕು ಎಂದುಕೊಂಡು ಕಾವಲುಗಾರ ನೀರು ತಂದುಕೊಟ್ಟ. ತಲೆ ಸರಿಯಾಗಿಯೇ ಇತ್ತು. ಐವತ್ತೈದು ವರ್ಷ ಹಿಂದೆ ಕೇಳಿದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಮತ್ತೆ ಕೇಳಿದೆ, ಅಷ್ಟೇ.

ಅರುವತ್ತರ ದಶಕದ ಆರಂಭದಲ್ಲಿ ನಾವು ಇದೇ ಊರಿನ ಉರ್ವದಲ್ಲಿ ಬಾಡಿಗೆಗೆ ಇದ್ದೆವು. ಆಗ ಮಾರ್ಕೆಟಿನಲ್ಲಿ ಎರಡು ಜಾತಿಯ ತರಕಾರಿ. ಹರಿವೆ, ಅಲಸಂಡೆ, ತೊಂಡೆ, ಬಾಳೆದಿಂಡು ಇವೆಲ್ಲ ಊರಿನವು. ನೆಲದ ಮೇಲೆ ಗೋಣಿ ಹಾಸಿ ಮಾರುತ್ತಿದ್ದರು. ಕ್ಯಾರೆಟ್, ಬೀಟ್‌ರೂಟ್, ಕೋಸು, ಸಾಲಡ್ ಸೊಪ್ಪು ಇವು ಇಂಗ್ಲಿಷ್ ತರಕಾರಿ. ಇವಕ್ಕೆ ಕಟ್ಟೆಯ ಮೇಲೆ ಜಾಗ. ನೀಲಗಿರಿಯಿಂದ ಬಿದಿರಿನ ಬುಟ್ಟಿಯಲ್ಲಿ ರೈಲು ಹತ್ತಿ ಬರುತ್ತಿದ್ದವು. ಉರ್ವದಲ್ಲಿ ಇವನ್ನು ಮಾರುತ್ತಿದ್ದವರು ಹಸನಬ್ಬ, ಬಿಳಿ ಟೊಪ್ಪಿಯ, ಮಿತಭಾಷಿ ಬ್ಯಾರಿ ಮುಸಲ್ಮಾನ. ನಮ್ಮ ಕ್ರಿಸ್ಮಸ್ಸಿಗೂ ಊಟಿಯ ಚಳಿಗೂ ಏನು ಹಗೆಯೋ, ನಮಗೆ ಸಾಲಡ್ ಬೇಕಾದ ವಾರದಲ್ಲೇ ಅಲ್ಲಿ ಹಿಮ ಬಿದ್ದು ಗಿಡಗಳು ಕರಟಿಹೋಗುತ್ತಿದ್ದವು.

ಆಗ ಹೆಂಗಸರ ಜಾಣತನ ನೋಡಬೇಕಿತ್ತು ನೀವು. ಪಪಾಯಿ ಕಾಯಿಯನ್ನು ತುರಿದು ಬೀಟ್‌ರೂಟ್ ನೀರಿನಲ್ಲಿ ಅದ್ದಿ ಕ್ಯಾರೆಟ್ ಎಂದು ಬಡಿಸುವವರಿದ್ದರು. ಕೋಸಿನ ಬದಲು ಬಾಳೆದಿಂಡನ್ನು ಕೂದಲೆಳೆಯಷ್ಟು ತೆಳ್ಳಗೆ ಹೆಚ್ಚಿ ವಿನೆಗರಿನಲ್ಲಿ ನೆನೆಸುವವರಿದ್ದರು. ಟೊಮೆಟೊ ಸಿಗದ ವರ್ಷ ನನ್ನ ಅತ್ತಿಗೆ ಬಿಂಬುಳಿಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ತಟ್ಟೆಯ ಸುತ್ತ ಜೋಡಿಸಿದ್ದಳು. ತಿಂದವರೆಲ್ಲ ಕಣ್ಣು ಮುಚ್ಚಿಕೊಂಡರು, ರುಚಿಗಲ್ಲ, ಹುಳಿಗೆ.

ನಾನು ಮಾತ್ರ ಇಂಥ ನಕಲಿಗೆ ಒಪ್ಪುವವಳಲ್ಲ. ಮದುವೆಯಾಗಿ ಒಂದು ವರ್ಷ, ವಯಸ್ಸು ಇಪ್ಪತ್ತಮೂರು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರಿಂದ ಅಡುಗೆ ಕಲಿತಿದ್ದೆ. ಟೊಮೆಟೊವನ್ನು ತಾವರೆಯ ಹಾಗೆ ಕತ್ತರಿಸುವುದು ನನಗೆ ಬರುತ್ತಿತ್ತು. ಅದು ಬರುತ್ತದೆ ಎಂದು ಬೇರೆಯವರಿಗೆ ಗೊತ್ತಾಗಬೇಕೆಂಬ ಆಸೆಯೂ ಇತ್ತು. ನನ್ನ ಗಂಡ ಕಾಫಿ ಕ್ಯೂರಿಂಗ್ ಕಂಪೆನಿಯೊಂದರಲ್ಲಿ ಗುಮಾಸ್ತ. ಆ ವರ್ಷ ಅಲ್ಲಿಯ ಇಂಗ್ಲಿಷ್ ಮ್ಯಾನೇಜರ್, ಹೆಂಡತಿಯ ಜೊತೆ, ಕ್ರಿಸ್ಮಸ್ ಕಳೆದ ಭಾನುವಾರ ನಮ್ಮಲ್ಲಿ ಮಧ್ಯಾಹ್ನದ ಊಟಕ್ಕೆ ಬರಲು ಒಪ್ಪಿದ್ದರು. ನಮ್ಮ ಓಣಿಗೆ ದೊರೆ ಬರುವುದೆಂದರೆ ಬಿಷಪರು ಬಂದ ಹಾಗೆ. ಹದಿನೈದು ದಿನದಿಂದ ನನಗೆ ಸಾಲಡಿನದೇ ಧ್ಯಾನ.

ನಮ್ಮ ಮನೆಯ ಹಿಂದೆ ಕೆಂಪುಕಲ್ಲಿನ ಪಾಗಾರ, ಎದೆಯೆತ್ತರದ ಗೋಡೆ. ಅದರ ಆಚೆ ಶಾರದಕ್ಕನ ಮನೆ. ತುಳು ಮಾತಾಡುವ ಬ್ರಾಹ್ಮಣರು, ಗಂಡ ಕೋರ್ಟಿನಲ್ಲಿ ಗುಮಾಸ್ತ. ಮನೆಯಲ್ಲಿ ಅತ್ತೆ, ಎಂಟು ವರ್ಷದ ಮಗ ಶ್ರೀಧರ, ನಾಲ್ಕು ವರ್ಷದ ಕುಸುಮ. ಶಾರದಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವರು. ನಾನು ಆ ಓಣಿಗೆ ಹೊಸಬಳಾಗಿ ಬಂದಾಗ ಪಾಗಾರದ ಮೇಲಿಂದ, ಊರಿನವರು ಕ್ರಿಸ್ತರ ಹೆಂಗಸರನ್ನು ಕರೆಯುವ ಹಾಗೆ ಬಾಯಮ್ಮ ಎಂದು ಕರೆದು, ಮೊದಲು ಮಾತಾಡಿಸಿದವರು ಅವರೇ.

ಆ ನವೆಂಬರಿನಲ್ಲಿ ಕುಸುಮನಿಗೆ ದಡಾರ ಎದ್ದಿತು. ಜ್ವರ ಬಿಟ್ಟಿತು, ಮಗು ಮಾತ್ರ ಸೊರಗುತ್ತಲೇ ಹೋಯಿತು. ಮುಸ್ಸಂಜೆಯಾದರೆ ಎದುರಿಗಿದ್ದ ತಟ್ಟೆಯನ್ನು ಕೈಯಿಂದ ತಡವುತ್ತಿತ್ತು, ಹೊಸ್ತಿಲು ಎಡವುತ್ತಿತ್ತು. ಡಾಕ್ಟರು ನೋಡಿ, "ಕಣ್ಣಿಗೆ ಸತ್ವ ಸಾಲದು, ಮೀನೆಣ್ಣೆ ಕುಡಿಸಿ" ಎಂದರು. ಶಾರದಕ್ಕನ ಅತ್ತೆ, ಮಗುವಿನ ಅಜ್ಜಿ, ಕಿವಿ ಮುಚ್ಚಿಕೊಂಡರು. ಆ ಮನೆಯೊಳಗೆ ಮೀನೆಣ್ಣೆಯ ಸೀಸೆ ಬರುವ ಹಾಗೇ ಇರಲಿಲ್ಲ. "ಹಾಗಾದರೆ ಕ್ಯಾರೆಟ್, ಟೊಮೆಟೊ, ಸಾಲಡ್ ಸೊಪ್ಪು, ದಿನಾ ಕೊಡಬೇಕು, ತಡ ಮಾಡಬೇಡಿ" ಎಂದು ಡಾಕ್ಟರು ಬರೆದುಕೊಟ್ಟರು. ಶಾರದಕ್ಕ ಆ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಿರುಗಿದರು. ಉರ್ವ ಮಾರ್ಕೆಟಿಗೆ ದಿನಕ್ಕೆ ಎರಡು ಸಲ, ಪೇಟೆಯ ದೊಡ್ಡ ಮಾರ್ಕೆಟಿಗೆ ಬಿಸಿಲಿನಲ್ಲಿ ನಡೆದು ಒಂದು ಸಲ. ಒಂದು ದಿನ ಸ್ಟೇಷನ್ನಿಗೇ ಹೋಗಿ ರೈಲು ಬರುವವರೆಗೆ ಕಾದು, ಬರಿಗೈಯಲ್ಲಿ ಬಂದರು. ಇದನ್ನೆಲ್ಲ ಅವರೇ ನನಗೆ ಪಾಗಾರದ ಮೇಲಿಂದ ಹೇಳುತ್ತಿದ್ದರು. ನಾನು "ಪಾಪ, ಪಾಪ" ಎನ್ನುತ್ತಿದ್ದೆ.

ಕ್ರಿಸ್ಮಸ್ ಕಳೆದ ಶುಕ್ರವಾರ ಹಸನಬ್ಬ ನನ್ನನ್ನು ಕಂಡು ಕಣ್ಣಿನಲ್ಲೇ ಕರೆದರು. ಒದ್ದೆ ಗೋಣಿ ಸರಿಸಿದರು. ಅಡಿಯಲ್ಲಿ ಒಂದೂವರೆ ರಾತಲು ಕ್ಯಾರೆಟ್, ಐದು ಟೊಮೆಟೊ, ಅಂಚು ಕಂದಿದ ಒಂದು ಹಿಡಿ ಸಾಲಡ್ ಸೊಪ್ಪು.

"ಇಷ್ಟೇ ಬಂದದ್ದು ಬಾಯಮ್ಮ. ಊಟಿಯಲ್ಲಿ ಹಿಮ ಬಿದ್ದು ಎಲ್ಲ ಹೋಗಿದೆಯಂತೆ. ಇನ್ನು ಹದಿನೈದು ದಿನ ಬುಟ್ಟಿ ಇಲ್ಲ."

"ಎಲ್ಲ ನನಗೇ ಕೊಡಿ" ಎಂದೆ.

ಹಸನಬ್ಬ ತಕ್ಕಡಿ ಎತ್ತಲಿಲ್ಲ. "ನಿಮ್ಮ ಹಿಂದಿನ ಮನೆಯ ಅಮ್ಮ ಉಂಟಲ್ಲ, ಮಗುವಿಗೆ ಕಣ್ಣು ಸರಿ ಇಲ್ಲ ಅಂತ ದಿನಾ ಬಂದು ಕೇಳ್ತಾರೆ. ಅರ್ಧ ಅವರಿಗೆ ಇಡ್ತೇನೆ ಅಂತ ಗ್ರಹಿಸಿದ್ದೆ."

ನಾನು ಹೇಳಿದ ಮಾತು ಇದು: "ಅವರ ಪಾಲು ನನ್ನ ಕೈಯಲ್ಲೇ ಕೊಡಿ. ಪಾಗಾರದ ಆಚೆ ತಾನೆ, ನಾನೇ ಕೊಡ್ತೇನೆ."

ಹಸನಬ್ಬನ ಮುಖ ಅರಳಿತು. "ಪುಣ್ಯ ಉಂಟು ನಿಮಗೆ" ಎಂದು ಎಲ್ಲವನ್ನೂ ಬಾಳೆಲೆಯಲ್ಲಿ ಸುತ್ತಿ ಕೊಟ್ಟರು.

ದಾರಿಯಲ್ಲಿ ಬರುವಾಗ ಅರ್ಧ ಕೊಡುವ ಮನಸ್ಸೇ ಇತ್ತು, ನಂಬುವುದಾದರೆ ನಂಬಿ. ಮನೆಗೆ ಬಂದು ತಟ್ಟೆಯಲ್ಲಿ ಹರಡಿ ನೋಡಿದೆ. ಅರ್ಧ ತೆಗೆದರೆ ತಟ್ಟೆ ಬಡವಾಗಿ ಕಂಡಿತು. ಭಾನುವಾರದ ಊಟ ಮುಗಿಯಲಿ, ಉಳಿದದ್ದನ್ನು ಕೊಟ್ಟರಾಯಿತು, ಎರಡು ದಿನದಲ್ಲಿ ಏನಾಗುತ್ತದೆ ಎಂದುಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಹಂಡೆಯ ಪಕ್ಕದಲ್ಲಿಟ್ಟೆ.

ಶನಿವಾರ ಸಂಜೆ ಶಾರದಕ್ಕ ಪಾಗಾರದ ಹತ್ತಿರ ಬಂದರು. ಸೊಂಟದಲ್ಲಿ ಕುಸುಮ. ಮಗು ಬೆಳಕಿಗೆ ಮುಖ ಕೊಡಲಾರದೆ ತಾಯಿಯ ಕುತ್ತಿಗೆಯಲ್ಲಿ ಹುದುಗಿತ್ತು.

"ಬಾಯಮ್ಮ, ಇವಳನ್ನು ಬಿಟ್ಟು ಇವತ್ತು ಮಾರ್ಕೆಟಿಗೆ ಹೋಗ್ಲಿಕ್ಕೇ ಆಗ್ಲಿಲ್ಲ. ಎಂತಾದರೂ ಬಂದಿದೆಯಾ, ಗೊತ್ತುಂಟಾ ನಿಮಗೆ?"

"ಇಲ್ಲ ಶಾರದಕ್ಕ. ಏನೂ ಬರ್ಲಿಲ್ಲ" ಎಂದೆ.

ಅವರು ನನ್ನನ್ನು ನಂಬಿದರು. ನಂಬದಿರಲು ಕಾರಣವೇ ಇರಲಿಲ್ಲ.

ಭಾನುವಾರ ದೊರೆ ಬಂದರು, ದೊರೆಸಾನಿ ಬಂದರು. ಕೋಳಿ ತಿಂದರು, ಇಡ್ಲಿಯಂಥ ನಮ್ಮ ಸಣ್ಣಾಣ ತಿಂದರು, ಹೊಗಳಿದರು. ಮೇಜಿನ ನಡುವೆ ನನ್ನ ಸಾಲಡ್ ತಾವರೆಗಳನ್ನು ಅರಳಿಸಿಕೊಂಡು ಕೂತಿತ್ತು. ನಾನು ಎರಡು ಸಲ ತಟ್ಟೆಯನ್ನು ಮುಂದೆ ಸರಿಸಿದೆ. ದೊರೆಸಾನಿ ಬಹಳ ಮರ್ಯಾದೆಯಿಂದ ನಕ್ಕು, ಈ ದೇಶದಲ್ಲಿ ತಾವು ಹಸಿ ತರಕಾರಿ ಮುಟ್ಟುವುದಿಲ್ಲ, ಟೈಫಾಯ್ಡಿನ ಭಯ ಎಂದರು. ಹೆಂಡತಿ ಮುಟ್ಟದ್ದನ್ನು ದೊರೆಯೂ ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ವಿನೆಗರಿನಲ್ಲಿ ಎಲ್ಲವೂ ಸೊರಗಿ ನೀರಾಗಿತ್ತು. ಅದನ್ನು ಶಾರದಕ್ಕನಿಗೆ ಕೊಡುವುದು ಹೇಗೆ? ಎಲ್ಲಿಂದ ಬಂತು ಎಂದು ಹೇಳುವುದು ಹೇಗೆ? ತೆಂಗಿನ ಬುಡಕ್ಕೆ ಸುರಿದೆ. ನಮ್ಮ ಕೋಳಿಗಳು ಬಂದು ಕೆದಕಿದವು.

ಸೋಮವಾರ ಬೆಳಿಗ್ಗೆ ಆಚೆ ಮನೆಯಿಂದ ಕೂಗು ಕೇಳಿಸಿತು. ಮಗುವನ್ನು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯುವಾಗ ನಾನು ಹೋಗಿ ನೋಡಿದೆ. ಅದನ್ನು ಹೇಗೆ ಹೇಳಲಿ, ನಾನು ಮೀನು ಬೇಯಿಸುವ ಜಾತಿಯವಳು. ಬೆಂದ ಮೀನಿನ ಕಣ್ಣು ಹೇಗಿರುತ್ತದೆಂದು ನನಗೆ ಗೊತ್ತು. ಮಗುವಿನ ಎರಡೂ ಕಣ್ಣು ಹಾಗಾಗಿದ್ದವು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ.

ಮಗು ಮನೆಗೆ ಬಂದ ಮೇಲೆ ಆ ಅಜ್ಜಿಯ ದನಿ ದಿನವೂ ಪಾಗಾರ ದಾಟಿ ಬರುತ್ತಿತ್ತು. "ನಾಲ್ಕು ಕ್ಯಾರೆಟ್ ತರ್ಲಿಕ್ಕೆ ಆಗದವಳು! ಹೆತ್ತ ಮಗುವಿನ ಕಣ್ಣು ತೆಗೆದವಳು!" ಶಾರದಕ್ಕನ ಗಂಡ ತಾಯಿಯನ್ನು ತಡೆಯುತ್ತಿರಲಿಲ್ಲ. ಶಾರದಕ್ಕ ಮಾರ್ಕೆಟಿಗೆ ಬರುವುದನ್ನು ನಿಲ್ಲಿಸಿದರು, ಪಾಗಾರದ ಹತ್ತಿರವೂ ಬರಲಿಲ್ಲ. ಹಸನಬ್ಬ ಒಮ್ಮೆ ನನ್ನನ್ನು ಕೇಳಿದರು: "ಆ ಅಮ್ಮನಿಗೆ ಅವತ್ತು ಕೊಟ್ರಿ ಅಲ್ವಾ?" ನಾನು ಹೌದೆಂದು ತಲೆಯಾಡಿಸಿದೆ. ಮಳೆಗಾಲಕ್ಕೆ ಮೊದಲು ಶಾರದಕ್ಕನ ಮನೆಯವರು ಉರ್ವ ಬಿಟ್ಟು ಹೋದರು. ಎಲ್ಲಿಗೆ ಎಂದು ನಾನು ವಿಚಾರಿಸಲಿಲ್ಲ.

ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಹೇಳಿಕೊಂಡೆ. ಅವರು ಜಪಮಾಲೆ ಹೇಳಲು ಹೇಳಿದರು. ಹೇಳಿದೆ, ಹಗುರಾಯಿತು. ಅಷ್ಟು ಸುಲಭವಾಗಿ ಹಗುರಾದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಮುಂದೆ ನಾನು ಪ್ರಾಥಮಿಕ ಶಾಲೆಯ ಟೀಚರಾದೆ. ಒಮ್ಮೆ ಆರೋಗ್ಯ ಇಲಾಖೆಯ ನರ್ಸ್ ಶಾಲೆಗೆ ಬಂದು ತಾಯಂದಿರಿಗೆ ಹೇಳುತ್ತಿದ್ದರು: ಮಕ್ಕಳ ಕಣ್ಣಿಗೆ ನುಗ್ಗೆ ಸೊಪ್ಪು ಕೊಡಿ, ಹರಿವೆ ಕೊಡಿ, ಪಪಾಯಿ ಹಣ್ಣು ಕೊಡಿ. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಶಾರದಕ್ಕನ ಬಾವಿಯ ಪಕ್ಕದಲ್ಲೇ ನುಗ್ಗೆ ಮರವಿತ್ತು. ದಡಾರದ ಮಗುವಿಗೆ ಉಷ್ಣ ಎಂದು ಅಜ್ಜಿ ಅದರ ಸೊಪ್ಪು ಕೊಡಲು ಬಿಟ್ಟಿರಲಿಲ್ಲ. ಚೀಟಿಯಲ್ಲೂ ಅದರ ಹೆಸರಿರಲಿಲ್ಲ. ಹಾಗಾದರೆ ಕ್ಯಾರೆಟ್ ಇಲ್ಲದ್ದರಿಂದ ಆದದ್ದಲ್ಲ, ನನ್ನಿಂದ ಆದದ್ದಲ್ಲ ಎಂಬ ಮಾತು ಹಿಡಿದುಕೊಳ್ಳಲು ಸಿಕ್ಕಿತು. ಅದನ್ನು ಹಿಡಿದುಕೊಂಡೇ ಎಷ್ಟೋ ವರ್ಷ ಕಳೆದೆ.

ಮೂರು ತಿಂಗಳ ಹಿಂದೆ ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಸೊಸೆ ಹೇಳಿದಳು, ಕಣ್ಣು ಕಾಣದ ಒಬ್ಬರು ಅಣ್ಣನ ಜೊತೆ ಪಿಂಚಣಿಗೆ ಬರುತ್ತಾರೆ, ಟೆಲಿಫೋನ್ ಆಪರೇಟರ್ ಆಗಿದ್ದರಂತೆ, ಚಿಕ್ಕಂದಿನಲ್ಲಿ ಉರ್ವದಲ್ಲಿ ಇದ್ದರಂತೆ, ಕುಸುಮ ಅಂತ ಹೆಸರು. ಶಕ್ತಿನಗರದಲ್ಲಿ ಮನೆ. ಹಳೆಯ ಗುರುತು ಎಂದು ವಿಳಾಸ ಬರೆಸಿಕೊಂಡೆ, ಹೋಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತಾಗ ಮಾತ್ರ, ಈಗ ಹೋಗದಿದ್ದರೆ ಇನ್ನು ಹೋಗುವವಳಲ್ಲ ಎನಿಸಿತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ.

ಕುಸುಮ ನನ್ನ ಗುರುತು ಕೇಳಿ, "ಹೋ, ಪಾಗಾರದ ಬಾಯಮ್ಮ! ಅಮ್ಮ ಹೇಳ್ತಿದ್ರು" ಎಂದು ನಕ್ಕಳು. ಆ ನಗುವಿನ ಎದುರು ಮಾತು ತೆಗೆಯುವುದು ಕಷ್ಟವಾಯಿತು. ಹೇಳಿದೆ. ಹಿಮ ಬಿದ್ದದ್ದು, ನನ್ನ ವಯಸ್ಸು, ದೊರೆಯ ಊಟ, ಎರಡು ದಿನ ಎಂದುಕೊಂಡದ್ದು, ಎಲ್ಲ. ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಅಷ್ಟು ಕೊಟ್ಟಿದ್ದರೆ ನನ್ನ ಕಣ್ಣು ಉಳೀತಿತ್ತಾ?"

"ಗೊತ್ತಿಲ್ಲ ಮಗಾ. ಬಹುಶಃ ಇಲ್ಲ."

"ಹಾಗಾದರೆ ಕಣ್ಣಿನ ವಿಷಯ ಬಿಡಿ." ಎಂದಳು. "ಅಮ್ಮ ಹೋಗಿ ಆರು ವರ್ಷ ಆಯ್ತು. ಹಾಸಿಗೆ ಹಿಡಿದ ಮೇಲೂ ಹೇಳ್ತಿದ್ರು, ನಾನು ಇಡೀ ಊರು ಹುಡುಕಿದ್ದೇನೆ, ಎಲ್ಲಿಯೂ ಸಿಗ್ಲಿಲ್ಲ ಅಂತ. ನಾವು ಯಾರೂ ನಂಬಲಿಲ್ಲ. ಅಜ್ಜಿ ಹೇಳಿದ್ದೇ ನಮಗೆ ಬಾಯಿಪಾಠ. ಒಂದು ಸಲ ಜಗಳದಲ್ಲಿ ನಾನೇ ಹೇಳಿದ್ದೇನೆ, ನೀನು ಸರಿಯಾಗಿ ಹುಡುಕಿದ್ದರೆ ನಾನು ಹೀಗಾಗ್ತಿರ್ಲಿಲ್ಲ ಅಂತ. ಅವತ್ತು ಅವರು ಊಟ ಮಾಡ್ಲಿಲ್ಲ."

ಆಮೇಲೆ ಕೇಳಿದಳು: "ಆರು ವರ್ಷ ಮೊದಲು ಬರ್ಲಿಕ್ಕೆ ಆಗ್ತಿರ್ಲಿಲ್ವಾ ಬಾಯಮ್ಮ ನಿಮಗೆ?"



ಅವಳು ಒಳಕ್ಕೆ ಮುಖ ತಿರುಗಿಸಿ ಕರೆದಳು. "ಅಣ್ಣಾ, ಇಲ್ಲಿ ಬಾ. ಕೂತುಕೋ." ಶ್ರೀಧರ ಬಂದ. ಅರುವತ್ತು ದಾಟಿದ ಗಂಡಸು, ತಾಯಿಯದೇ ಮುಖ. "ಬಾಯಮ್ಮ, ಇನ್ನೊಮ್ಮೆ ಹೇಳಿ" ಎಂದಳು ಕುಸುಮ. "ಇವನಿಗೂ ಹೇಳಿ."

ಎರಡನೆಯ ಸಲ ಹಿಮ ಬಾಯಿಗೆ ಬರಲಿಲ್ಲ, ದೊರೆಯೂ ಬರಲಿಲ್ಲ, ನನ್ನ ಇಪ್ಪತ್ತಮೂರು ವರ್ಷವೂ ಬರಲಿಲ್ಲ. "ಅಂಗಡಿಯವರು ನಿಮ್ಮ ಪಾಲು ನನ್ನ ಕೈಯಲ್ಲಿ ಕೊಟ್ಟಿದ್ದರು, ನಾನು ಕೊಡಲಿಲ್ಲ. ನಿಮ್ಮ ಅಮ್ಮ ಬಂದು ಕೇಳಿದರು, ನಾನು ಇಲ್ಲ ಎಂದೆ." ಅಷ್ಟಕ್ಕೇ ಮುಗಿಯಿತು. ಶ್ರೀಧರ ಎದ್ದು ಒಳಗೆ ಹೋದ. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ್ದು ಕೇಳಿಸಿತು. ಬಹಳ ಹೊತ್ತು ನೀರು ಬೀಳುತ್ತಲೇ ಇತ್ತು. ಪಾತ್ರೆಯ ಸದ್ದು ಮಾತ್ರ ಇರಲಿಲ್ಲ.

ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ಆ ದಿನವಿಡೀ ನನ್ನ ಮುಖ ನೋಡಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ. ಶಾರದಕ್ಕ ಹುಡುಕಿದ್ದರು. ಇಡೀ ಊರು ಹುಡುಕಿದ್ದರು.