ಭಗವಂತರಾಯ ಓದಿದ ಲಾಗು

ವಾರಂಟಿ ಮುಗಿದ ಸರ್ವರ್ ಎಂದರೆ ಕಂಪನಿಯವರ ಪಾಲಿಗೆ ಗೊಡ್ಡೆಮ್ಮೆ. ಅದರ ಹೆಸರೆತ್ತಿದರೆ ಫೋನು ಕೆಳಗಿಡುತ್ತಾರೆ. ಅಂಥವನ್ನೇ ನೆಚ್ಚಿ ಬದುಕಿದವನು ಭಗವಂತರಾಯ. ಆಳಂದದ ಕಡೆಯವನು, ಹನ್ನೆರಡು ವರ್ಷದಿಂದ ಕಗ್ಗದಾಸಪುರದ ಬಾಡಿಗೆ ಕೋಣೆಯವನು. ಬಿಡಿಭಾಗವನ್ನು ಶಿವಾಜಿನಗರದಲ್ಲಿ ಹುಡುಕುತ್ತಿದ್ದ, ರೋಗವನ್ನು ಲಾಗಿನಲ್ಲಿ. ಅಂದರೆ ಯಂತ್ರ ತನ್ನ ನೋವನ್ನು ಗಂಟೆ ನಿಮಿಷದ ಸಮೇತ ತಾನೇ ಬರೆದಿಟ್ಟುಕೊಳ್ಳುವ ದಿನಚರಿಯಲ್ಲಿ. "ಮನುಷ್ಯಾ ಸುಳ್ಳ ಹೇಳ್ತಾನ, ಲಾಗ್ ಹೇಳಂಗಿಲ್ಲ" ಎಂಬುದು ಅವನ ಜಂಬ. ಜಂಬಕ್ಕೆ ತಕ್ಕ ಕೆಲಸವೂ ಅವನಿಗೆ ಗೊತ್ತಿತ್ತು ಎನ್ನಿ.

2006ರ ವಿಜಯದಶಮಿಯ ಮರುದಿನ ಬೆಳಿಗ್ಗೆ ಅವನೇ ನೋಡಿಕೊಳ್ಳುತ್ತಿದ್ದ ಹಲಸೂರಿನ ಒಂದು ಡಯಾಲಿಸಿಸ್ ಕೇಂದ್ರದಿಂದ ಕರೆ ಬಂತು. ಸರ್ವರ್ ಏಳುತ್ತಿಲ್ಲ. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧಿ ಒಗ್ಗದು, ಎಲ್ಲ ಅದರೊಳಗೆ. ಇನ್ನೊಂದು ನಕಲಿಲ್ಲ. ಹೊರಗೆ ಒಂಬತ್ತು ಜನ ಊದಿದ ಕಾಲು ಚಾಚಿಕೊಂಡು ಕಾಯುತ್ತಿದ್ದರು.

"ಬೇಗ ನೋಡ್ರೀ. ನಮ್ಮೋರು ಯಾರಾದ್ರೂ ಇದಕ್ಕೆ ಕೈ ಹಾಕಿದ್ರೆ ಇವತ್ತೇ ಮನೆಗೆ ಕಳಿಸ್ತೀನಿ," ಎಂದ ಮ್ಯಾನೇಜರ್ ಲಕ್ಷ್ಮಿಕಾಂತ, ಎಲ್ಲರಿಗೂ ಕೇಳುವ ಹಾಗೆ. ಬಾಗಿಲ ಬಳಿ ನೆಲ ಒರೆಸುತ್ತಿದ್ದ ಆಯಾ ಆದಿಲಕ್ಷ್ಮಿಯ ಕೈ ನಿಂತುಹೋಯಿತು.

ಭಗವಂತರಾಯ ಲಾಗ್ ತೆರೆದ. ನಾಲ್ಕು ಡಿಸ್ಕುಗಳಲ್ಲಿ ಒಂದೂ ತನ್ನ ಜಾಗದಲ್ಲಿಲ್ಲ ಎಂದಷ್ಟೇ ಇತ್ತು. ಈ ಹಳೆಯ ಯಂತ್ರಕ್ಕೆ ಡಿಸ್ಕುಗಳ ಕ್ರಮವೇ ಪ್ರಾಣ. ತಪ್ಪು ಕ್ರಮಕ್ಕೆ ಒಪ್ಪಿಗೆ ಒತ್ತಿದರೆ ದಾಖಲೆಯೆಲ್ಲ ಅಳಿಸಿಹೋಗುತ್ತದೆ. ಯಾವುದು ಎಲ್ಲಿತ್ತೆಂದು ಹಿಂದಿನ ಸಾಲುಗಳಲ್ಲಿ ಇರಲೇಬೇಕು. ಹಿಂದಕ್ಕೆ ಹೋದ. ಫ್ಯಾನ್ ನಿಧಾನ, ಫ್ಯಾನ್ ನಿಧಾನ, ಫ್ಯಾನ್ ನಿಧಾನ. ಅವನು ಎಷ್ಟು ಹೇಳಿದರೂ ಎರಡು ವರ್ಷದಿಂದ ಕೇಂದ್ರದವರು ಬದಲಿಸಗೊಡದ ಫ್ಯಾನು ಗೋಳಾಡಿ ಗೋಳಾಡಿ ಲಾಗಿನ ಜಾಗವನ್ನೆಲ್ಲ ತಿಂದುಹಾಕಿತ್ತು. ಬೇಕಾದ ಸಾಲು ಅಳಿಸಿಹೋಗಿತ್ತು. ಇನ್ನು ಡಿಸ್ಕು ತೆಗೆದವರೇ ಬಾಯಿ ಬಿಡಬೇಕು.

ಹೊರಗಿನ ಗಲಾಟೆಗೆ ಲಕ್ಷ್ಮಿಕಾಂತ ಎದ್ದು ಹೋದದ್ದೇ ತಡ, ಭಗವಂತರಾಯ ಆಗ ಕೈ ನಿಲ್ಲಿಸಿದ್ದ ಆದಿಲಕ್ಷ್ಮಿಯ ಕಡೆ ತಿರುಗಿದ. "ಅಕ್ಕಾ, ಇವನ್ನ ಯಾರ್ ತಗದಾರ? ನೀವು ಹೇಳಲಿಲ್ಲಂದ್ರ ಹೊರಗ ಕುಂತೋರ ಗತಿ ಏನು?"

ಆದಿಲಕ್ಷ್ಮಿಗೆ ಅಳು ಉಕ್ಕಿತು. "ನಾನೇ ಸಾರ್. ಆಯುಧಪೂಜೆಗೆ ಒರೆಸಿ ಕುಂಕುಮ ಇಟ್ಟೆ. ಹೋದ್ವರ್ಷ ನೀವೇ ಅಲ್ವಾ ಒಂದನ್ನ ಎಳೆದು ತೋರಿಸಿ, ಮೇಲೆ ಒರೆಸಿದ್ರೆ ಏನ್ ಬಂತಮ್ಮಾ, ನಿಜವಾದ ಆಯುಧ ಒಳಗಿರೋದು ಅಂದಿದ್ದು?"

ಅಂದಿದ್ದ. ನಾಲ್ಕು ಜನ ನರ್ಸುಗಳೆದುರು ಜಾಣತನ ಮೆರೆಯಲು ಅಂದಿದ್ದ.

"ಹೆಂಗ ಹೊಳ್ಳಿ ಹಾಕಿದ್ರಿ?"

"ಎಡದಿಂದ ತೆಗೆದು ತಟ್ಟೆ ಥರ ಒಂದರ ಮೇಲೊಂದು ಜೋಡಿಸ್ದೆ. ಮೇಲಿನದು ತಗೊಂಡು ಮತ್ತೆ ಎಡದಿಂದಲೇ ಹಾಕ್ಕೊಂಡು ಬಂದೆ."

ಹಾಗಾದರೆ ಪೂರ್ತಿ ತಿರುಗುಮುರುಗು. ನಾಲ್ಕನ್ನೂ ಬಲದಿಂದ ಎಡಕ್ಕೆ ಬದಲಿಸಿದ. ಅವಳ ನೆನಪು ತಪ್ಪಿದ್ದರೆ ಎಲ್ಲ ಮುಗಿಯಿತು. ದೇವರ ಮೇಲೆ ಭಾರ ಹಾಕಿ ಒಪ್ಪಿಗೆ ಒತ್ತಿದ. ಪರದೆ ಕಪ್ಪಾಯಿತು. ಆದಿಲಕ್ಷ್ಮಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಆರು ನಿಮಿಷದ ಮೇಲೆ ರೋಗಿಗಳ ಹೆಸರುಗಳು ಒಂದೊಂದಾಗಿ ಮೂಡಿದವು.

ಲಕ್ಷ್ಮಿಕಾಂತ ಒಳಗೆ ಬಂದವನೇ ಕೇಳಿದ, "ಯಾರ್ದ್ರೀ ಈ ಕೆಲ್ಸ? ಲಾಗು ಏನ್ ಹೇಳ್ತು?"

ತಪ್ಪನ್ನು ಫ್ಯಾನಿನ ಮೇಲೆ ಹಾಕಿದ್ದರೆ ಕೇಳುವವರಿರಲಿಲ್ಲ. ಆ ಮಾತು ಭಗವಂತರಾಯನ ನಾಲಿಗೆಯ ತುದಿಗೂ ಬಂದಿತ್ತು.

"ಪೂಜಿಗಿ ಡಿಸ್ಕ್ ತಗದು ಒರಸ್ರಿ ಅಂತ ಕಲಿಸಿದಾಂವ ನಾನು. ಕ್ರಮ ಹೇಳಿಕೊಡಲಿಲ್ಲ. ಮನಿಗಿ ಕಳಸೋದಿದ್ರ ನನ್ನ ಕಳಸ್ರಿ."

ಲಕ್ಷ್ಮಿಕಾಂತ ಆಡಿದ ಮಾತಿಗೆ ತಪ್ಪುವವನಲ್ಲ. ಏಳು ವರ್ಷ ನೋಡಿಕೊಂಡಿದ್ದ ಆ ಕೇಂದ್ರದ ಕೆಲಸ ಭಗವಂತರಾಯನ ಕೈಬಿಟ್ಟಿತು. ಆದಿಲಕ್ಷ್ಮಿ ಮರುದಿನವೂ ಅಲ್ಲಿ ನೆಲ ಒರೆಸಿದಳು.