ಗಾಳಿಗೆ ತಿರುಗಿದ ಮೀಟರು

ಬನಹಟ್ಟಿಯಲ್ಲಿ ಮನೆಮನೆಗೆ ನೀರಿನ ಮೀಟರು ಕೂರಿಸಿದ ಹೊಸತು. ಅದನ್ನು ಓದಿ ಬರೆದುಕೊಳ್ಳುವ ಕೆಲಸ ನನ್ನದು. ಒಂದು ಮನೆಯ ಹೆಣ್ಣುಮಗಳು ಕುಣಿಮಗ್ಗದಿಂದ ಎದ್ದು ಬಂದು ಹೋದ ತಿಂಗಳ ಬಿಲ್ಲು ತೋರಿಸಿದಳು. "ಇರಾವ್ರು ಇಬ್ಬರು. ಇಷ್ಟು ನೀರು ಯಾವಾಗ ಬಳಸೇವ್ರಿ?"

ಪೋಲು ಮಾಡಿರುತ್ತೀರಿ ಎಂದುಬಿಟ್ಟೆ.

"ನಿಂದರ್ರಿ. ಈಗ ನೀರು ಬರೂ ಹೊತ್ತು."

ಅವಳ ನಳ ಸದಾ ತೆರೆದೇ ಇರುತ್ತಿತ್ತು. ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವಳು ಎಷ್ಟು ಸಲ ಎದ್ದು ನೋಡಿಯಾಳು? ಕೊಡಕ್ಕೆ ನೀರು ಬಿದ್ದ ಸಪ್ಪಳ ಕೇಳಿಯೇ ಏಳುತ್ತಿದ್ದಳು. ತುಸು ಹೊತ್ತಿಗೆ ನಳ ಬುಸುಗುಟ್ಟಿತು. ಹನಿ ನೀರಿಲ್ಲ, ನೀರಿಗಿಂತ ಮುಂಚೆ ಕೊಳವೆಯಲ್ಲಿದ್ದ ಬರೀ ಗಾಳಿ. ಮೀಟರಿನ ಮುಳ್ಳು ಮಾತ್ರ ಬುಗುರಿಯಂತೆ ತಿರುಗಿತು.

"ಗಾಳಿಗೂ ಬಿಲ್ಲೇನ್ರಿ? ಇದಕ್ಕಿಂತ ಕೊಡಾ ಹೊತ್ತು ಬೋರಿಗೆ ಹೋಗೂದ ಪಾಡ. ನಳಾ ತಗಸಿಬಿಡ್ತೇನಿ."

ನನ್ನ ಮುಖ ಸಣ್ಣದಾಯಿತು. ನೀರು ಬರುವ ತನಕ ನಳ ಮುಚ್ಚಿಟ್ಟು ನೋಡಿ ಎಂದೆ.

ಮುಂದಿನ ತಿಂಗಳು ಅಳುಕುತ್ತಲೇ ಹೋದೆ. ನಳ ಇತ್ತು. ಬಳಕೆ ಅರ್ಧಕ್ಕಿಳಿದಿತ್ತು. ಅವಳಿಗಿಂತ ನನಗೇ ಹೆಚ್ಚು ಹಗುರಾಯಿತು. ನೀರು ಬಂದದ್ದು ಈಗ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಬಾಜೂ ಮನ್ಯಾವ್ರ ನಳಾ ತೆರದ ಇರತೈತಲ್ರಿ," ಎಂದು ನಕ್ಕಳು.

ನಾನು ಓದಬೇಕಾದ ಮುಂದಿನ ಮೀಟರು ಅದೇ. ಆ ಮನೆಯಾತ ಬಿಲ್ಲು ಹಿಡಿದು ಬಾಗಿಲಲ್ಲೇ ನಿಂತಿದ್ದ.